ಬಾಯಿ ಬಿಡು ಅಜ್ಜೀ!

"ಬಾಯಿ ಬಿಡು ಅಜ್ಜೀ!"

ಅಜ್ಜಿ ಬಾಯಿ ಬಿಡಲಿಲ್ಲ.

"ಏನಾದ್ರೂ ಮಾತಾಡು, ಪ್ಲೀಸ್! ರೆಕಾರ್ಡ್ ಆಗ್ತಾ ಇದೆ!"

ಅಜ್ಜಿ ಸ್ಟೂಲಿನ ಮೇಲೆ ಇನ್ನಷ್ಟು ನೆಟ್ಟಗೆ ಕೂತಳು. ಗಲ್ಲವನ್ನು ತುಸು ಮೇಲೆತ್ತಿದಳು. ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟಳು. ಉಸಿರು ಬಿಗಿಹಿಡಿದು, ಕಣ್ಣು ಪಿಳುಕಿಸದೆ ಕ್ಯಾಮೆರಾವನ್ನೇ ದಿಟ್ಟಿಸಿದಳು. ಆ ಮುಖವನ್ನು ಹಾಗೇ ಕತ್ತರಿಸಿ ಪಾಸ್‌ಪೋರ್ಟಿಗೆ ಅಂಟಿಸಬಹುದಿತ್ತು.

ಕ್ಯಾಮೆರಾದ ಹಿಂದೆ ನಿಂತಿದ್ದ ಸ್ವಿಚ್ಚಿ ತಲೆ ಮೇಲೆ ಕೈ ಇಟ್ಟುಕೊಂಡಳು. ಕೊನೆಗೆ ಬೇಸತ್ತು ಕೆಂಪು ಬಟನ್ ಒತ್ತಿ ರೆಕಾರ್ಡಿಂಗ್ ನಿಲ್ಲಿಸಿದಳು. ನಿಲ್ಲಿಸಿದ್ದೇ ತಡ, ಅಜ್ಜಿ ಬುಸ್ಸೆಂದು ಉಸಿರು ಬಿಟ್ಟು, "ಮುಗೀತಾ? ಫೋಟೋ ಚೆನ್ನಾಗಿ ಬಂತಾ?" ಎಂದು ಕೇಳಿದಳು.

"ಫೋಟೋ ಅಲ್ಲ ಅಜ್ಜೀ, ವಿಡಿಯೋ! ಎಷ್ಟು ಸಲ ಹೇಳ್ಲಿ?"

ಸ್ವಿಚ್ಚಿಗೆ ಶಾಲೆಯಲ್ಲಿ ಬೇರೆ ಹೆಸರಿದೆ. ಆದರೆ ತೆವಳುವ ವಯಸ್ಸಿನಲ್ಲೇ ಕಂಡ ಕಂಡ ಸ್ವಿಚ್ಚನ್ನೆಲ್ಲ ಒತ್ತುತ್ತಿದ್ದಳು. ಒಮ್ಮೆ ಗಿರಾಕಿಯೊಬ್ಬರು ಕಷ್ಟಪಟ್ಟು ನಗು ತಂದುಕೊಂಡ ಹೊತ್ತಿಗೆ ಸರಿಯಾಗಿ ಸ್ಟುಡಿಯೋದ ದೀಪವೆಲ್ಲ ಆರಿಸಿಬಿಟ್ಟಿದ್ದಳು. ಅವತ್ತು ಅಜ್ಜಿ ಇಟ್ಟ ಹೆಸರು ಇದು. ಈಗ ಅವಳು ಐದನೇ ಕ್ಲಾಸು. ಹೆಸರೂ ಹೋಗಿಲ್ಲ, ಚಾಳಿಯೂ ಹೋಗಿಲ್ಲ.

ಅವರ ಮನೆಯ ಮುಂದಿನ ಕೋಣೆಯೇ ಫೋಟೋ ಸ್ಟುಡಿಯೋ. ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ. ಮೊದಲು ಅಜ್ಜ ಫೋಟೋ ತೆಗೆಯುತ್ತಿದ್ದ, ಈಗ ಅಪ್ಪ ತೆಗೆಯುತ್ತಾನೆ. ಅಜ್ಜನ ಕಾಲದಿಂದಲೂ ಗಿರಾಕಿಗಳನ್ನು ಸ್ಟೂಲಿನ ಮೇಲೆ ನೆಟ್ಟಗೆ ಕೂರಿಸುವ ಕೆಲಸ ಮಾತ್ರ ಅಜ್ಜಿಯದೇ. "ಗಲ್ಲ ಮೇಲೆ. ಭುಜ ಕೆಳಗೆ. ಬಾಯಿ ಮುಚ್ಚಿ. ಉಸಿರು ಹಿಡೀರಿ... ಹಾಂ!" ಆ ಬೀದಿಯಲ್ಲಿ ಅಜ್ಜಿಯ ಈ ಮಾತು ಕೇಳಿ ಬಾಯಿ ಮುಚ್ಚದವರು ಯಾರೂ ಇಲ್ಲ.

ಹಾಗಾಗಿ ಕ್ಯಾಮೆರಾ ಕಂಡರೆ ಅಜ್ಜಿಯ ಬಾಯಿಗೆ ತಾನಾಗಿಯೇ ಬೀಗ ಬೀಳುತ್ತಿತ್ತು. ಸ್ವಿಚ್ಚಿಗೆ ಬೇಕಾಗಿದ್ದದ್ದೋ, ಅಜ್ಜಿಯ ಮಾತು. ಅದೂ ಈ ವಾರದೊಳಗೇ ಬೇಕಾಗಿತ್ತು.

ಅಜ್ಜಿಯ ಗಂಟಲಲ್ಲಿ ಒಂದು ಗಂಟು ಬೆಳೆದಿತ್ತು. ಸೋಮವಾರ ಆಪರೇಷನ್. "ಜೀವಕ್ಕೇನೂ ಭಯ ಇಲ್ಲ. ಆದ್ರೆ ದನಿ ಮೊದಲಿನ ಹಾಗೆ ಇರಲ್ಲ," ಎಂದಿದ್ದರು ಡಾಕ್ಟರು. ಮನೆಯವರೆಲ್ಲ ಮೊದಲ ಮಾತು ಕೇಳಿ ನಿಟ್ಟುಸಿರು ಬಿಟ್ಟರು. ಸ್ವಿಚ್ಚಿಯ ಕಿವಿಯಲ್ಲಿ ಮಾತ್ರ ಎರಡನೆಯ ಮಾತು ಉಳಿದುಬಿಟ್ಟಿತು. ಅಪ್ಪ ಆಸ್ಪತ್ರೆಯಿಂದ ಬಂದವನೇ ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ ಒಂದು ಫೋಟೋ ತೆಗೆದ. ಅಪ್ಪನಿಗೆ ಭಯವಾದರೂ ಫೋಟೋ, ಸಂತೋಷವಾದರೂ ಫೋಟೋ. ಫೋಟೋ ತುಂಬಾ ಚೆನ್ನಾಗಿ ಬಂದಿತ್ತು. ಆದರೆ ಅದು ಸ್ವಿಚ್ಚಿಯನ್ನು ಕರೆಯುತ್ತಿರಲಿಲ್ಲವಲ್ಲ.

ಅಜ್ಜಿ ಸ್ವಿಚ್ಚಿಯನ್ನು ಕರೆಯುವ ರೀತಿಯೇ ಬೇರೆ. ಹಿತ್ತಿಲ ಬಾಗಿಲಲ್ಲಿ ನಿಂತು "ಸ್ವಿಚ್ಚೀ..." ಎಂದು ತಗ್ಗಿನಲ್ಲಿ ಶುರುಮಾಡಿ, ಕೂಗಿನ ಬಾಲವನ್ನು ಮೇಲಕ್ಕೆತ್ತುತ್ತಿದ್ದಳು. ಆ ಕೂಗು ಬೀದಿ ದಾಟಿ, ಟೈರ್ ಅಂಗಡಿ ದಾಟಿ, ಮಕ್ಕಳು ಆಡುವ ಮೈದಾನದವರೆಗೂ ಬರುತ್ತಿತ್ತು. "ಹೋಗೇ, ನಿನ್ನ ಸೈರನ್ ಆಯ್ತು!" ಎಂದು ಗೆಳತಿಯರು ನಗುತ್ತಿದ್ದರು. ಸ್ವಿಚ್ಚಿಗೆ ನಾಚಿಕೆಯಾಗುತ್ತಿತ್ತು. ಈಗ ಆ ಕೂಗನ್ನು ಹೇಗಾದರೂ ಮಾಡಿ ಹಿಡಿದಿಡಬೇಕು ಎಂದು ಅವಳು ಹಟ ಹಿಡಿದಿದ್ದಳು.

ಫೋನಿನಲ್ಲಿ ಹಿಡಿಯೋಣವೆಂದರೆ, ಅಪ್ಪನ ಫೋನು ಬಕೆಟ್ಟಿಗೆ ಬಿದ್ದಾಗಿನಿಂದ ಅದರಲ್ಲಿ ಯಾರು ಮಾತಾಡಿದರೂ ಬಾಯಲ್ಲಿ ನೀರು ತುಂಬಿಕೊಂಡ ಹಾಗೆ ಕೇಳುತ್ತಿತ್ತು. ಅಮ್ಮನ ಫೋನು ಯಾವಾಗ ಕೇಳಿದರೂ "ಜಾಗ ಇಲ್ಲ" ಎನ್ನುತ್ತಿತ್ತು. ಉಳಿದದ್ದು ಸ್ಟುಡಿಯೋದ ಕ್ಯಾಮೆರಾ.

"ಅದು ಫೋಟೋ ಕ್ಯಾಮೆರಾ. ವಿಡಿಯೋನೂ ಬರುತ್ತೆ ಅಂತ ಡಬ್ಬದ ಮೇಲೆ ಬರೆದಿದ್ರು, ಅಷ್ಟೇ. ನಾನಂತೂ ಆ ಬಟನ್ ಮುಟ್ಟಿಲ್ಲ," ಎಂದಿದ್ದ ಅಪ್ಪ.

"ನಾನು ಮುಟ್ಲಾ?"

"ಬೇಡ ಅಂದ್ರೆ ಬಿಡ್ತೀಯಾ ನೀನು? ಒಂದು ನೆನಪಿಟ್ಕೋ. ಕೆಲಸ ಮುಗಿದ ತಕ್ಷಣ ಮೊದಲು ಲೆನ್ಸಿಗೆ ಮುಚ್ಚಳ ಹಾಕ್ಬೇಕು. ಬೇರೆ ಎಲ್ಲ ಆಮೇಲೆ."

ಈ ಮಾತನ್ನು ಸ್ವಿಚ್ಚಿ ಅಆಇಈ ಕಲಿಯುವ ಮೊದಲೇ ಕಲಿತಿದ್ದಳು.

ಮೊದಲ ವಿಡಿಯೋ ಹೀಗೆ ಪಾಸ್‌ಪೋರ್ಟ್ ಫೋಟೋ ಆಯಿತು. ಸರಿ, ಕದ್ದು ಹಿಡಿಯೋಣ ಎಂದುಕೊಂಡಳು ಸ್ವಿಚ್ಚಿ. ಮರುದಿನ ಶಾಲೆಯಿಂದ ಬಂದವಳೇ ಬ್ಯಾಗನ್ನು ಮೂಲೆಗೆಸೆದು, ಕ್ಯಾಮೆರಾ ಹಿಡಿದು, ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತಳು. ಒಳಗೆ ಅಜ್ಜಿ ಆಲೂಗಡ್ಡೆ ಹೆಚ್ಚುತ್ತಾ ತನ್ನಷ್ಟಕ್ಕೆ ಏನೋ ಮಾತಾಡಿಕೊಳ್ಳುತ್ತಿದ್ದಳು. ಸ್ವಿಚ್ಚಿಗೆ ಖುಷಿಯೋ ಖುಷಿ.

ಆಮೇಲೆ ಹಾಕಿ ನೋಡಿದರೆ, ಹಿಂದಿನ ಕಿಟಕಿಯ ಬೆಳಕಿಗೆ ಅಜ್ಜಿ ಬರೀ ಕಪ್ಪು ನೆರಳು. ಕ್ಯಾಮೆರಾ ಒಮ್ಮೆ ಅಜ್ಜಿಯನ್ನು ನೋಡುತ್ತಿತ್ತು, ಒಮ್ಮೆ ಗೋಡೆಗೆ ತೂಗುಹಾಕಿದ ಸೌಟನ್ನು ನೋಡುತ್ತಿತ್ತು. ಹಾಗೆ ನೋಡಿದಾಗಲೆಲ್ಲ ಲೆನ್ಸು ಝರ್ ಝರ್ ಎನ್ನುತ್ತಿತ್ತು. ಅದರ ಜೊತೆಗೆ ಫ್ರಿಜ್ಜಿನ ಗುಂಯ್. ಅಜ್ಜಿಯ ಮಾತು ಮಾತ್ರ ಬಾವಿಯೊಳಗಿನಿಂದ ಬಂದ ಹಾಗಿತ್ತು. ಇಡೀ ವಿಡಿಯೋದಲ್ಲಿ ಸ್ಪಷ್ಟವಾಗಿ ಕಂಡದ್ದು ನಾಲ್ಕು ಆಲೂಗಡ್ಡೆ.

ಸ್ವಿಚ್ಚಿಗೆ ಅಳು ಬಂತು. ಆದರೆ ಅಳುತ್ತಾ ಕೂರುವಷ್ಟು ಪುರುಸೊತ್ತು ಇರಲಿಲ್ಲ. ಕಣ್ಣೊರೆಸಿಕೊಂಡು, ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಿಕೊಂಡು, ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದಳು.

ಅದು ವಿಡಿಯೋ ಮಾಮನ ಅಂಗಡಿ. ಊರಿನ ಸಮಾರಂಭಗಳ ವಿಡಿಯೋಗಳೆಲ್ಲ ಅವನವೇ. ಸದಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿರುವುದರಿಂದ ಅವನು ಆಡುವ ಮಾತೆಲ್ಲ ಕೂಗಾಟವೇ. ಅಪ್ಪ ಅವನ ಅಂಗಡಿಯನ್ನು "ಗದ್ದಲದ ಅಂಗಡಿ" ಎನ್ನುತ್ತಿದ್ದ. ಅವನು ಅಪ್ಪನದನ್ನು "ಮೌನವ್ರತದ ಅಂಗಡಿ" ಎನ್ನುತ್ತಿದ್ದ. ಆದರೂ ಒಬ್ಬರ ಅಂಗಡಿಯಲ್ಲಿ ಕರೆಂಟು ಹೋದರೆ ಇನ್ನೊಬ್ಬರು ವೈರು ಎಳೆದುಕೊಡುತ್ತಿದ್ದರು.

"ಮಾಮಾ, ಫೋಟೋ ಕ್ಯಾಮೆರಾದಲ್ಲಿ ವಿಡಿಯೋ ತೆಗೆಯೋದು ಹೇಗೆ? ಭಾನುವಾರದೊಳಗೆ ಕಲೀಬೇಕು," ಎಂದಳು ಸ್ವಿಚ್ಚಿ. ಅಜ್ಜಿಯ ಗಂಟಲಿನ ವಿಷಯವನ್ನೂ ಹೇಳಿದಳು.

ಮಾಮ ಹೆಡ್‌ಫೋನ್ ತೆಗೆದ. ಅವನು ಅದನ್ನು ತೆಗೆದದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಕೊಡು ಇಲ್ಲಿ," ಎಂದು ಕ್ಯಾಮೆರಾ ತೆಗೆದುಕೊಂಡ. "ಶಟರ್ ಐನೂರರಲ್ಲಿದೆ! ನಿಮ್ಮಜ್ಜಿ ಏನು ಓಡೋ ಕುದುರೆನಾ? ವಿಡಿಯೋಗೆ ಐವತ್ತು ಸಾಕು. ಇಲ್ದಿದ್ರೆ ಅವರು ಕೈ ಆಡಿಸಿದ್ರೆ ಕೀಲುಗೊಂಬೆ ಥರ ತಡೆದು ತಡೆದು ಕಾಣುತ್ತೆ."

"ಐವತ್ತು," ಎಂದಳು ಸ್ವಿಚ್ಚಿ.

"ಬೆಳಕು ಮುಖದ ಮೇಲೆ ಬೀಳ್ಬೇಕು, ಬೆನ್ನ ಹಿಂದೆ ಅಲ್ಲ. ಫೋಕಸ್ಸನ್ನ ಆಟೋದಿಂದ ತೆಗೆದುಬಿಡು. ಒಂದು ಸಲ ಅಜ್ಜಿ ಕಣ್ಣಿಗೆ ಫೋಕಸ್ ಮಾಡು, ಆಮೇಲೆ ಮುಟ್ಲೇಬೇಡ. ನೀನು ಮುಟ್ಟದೆ ಇರೋದೇ ಕಷ್ಟ, ಗೊತ್ತು."

"ಮುಟ್ಟಲ್ಲ. ಆದ್ರೆ ಮಾಮಾ, ಮಾತೇ ಕೇಳಿಸಲ್ವಲ್ಲ?"

"ಹೇಗೆ ಕೇಳಿಸುತ್ತೆ? ಈ ಕ್ಯಾಮೆರಾದ ಕಿವಿ ಇಲ್ಲಿದೆ ನೋಡು, ಸಣ್ಣ ತೂತು. ಲೆನ್ಸಿಗೆ ಅಂಟಿಕೊಂಡೇ ಇದೆ. ಅದಕ್ಕೆ ಲೆನ್ಸಿನ ಸದ್ದು ಚೆನ್ನಾಗಿ ಕೇಳಿಸುತ್ತೆ, ನಿನ್ನ ಉಸಿರು ಕೇಳಿಸುತ್ತೆ. ಅಜ್ಜಿ ಎಲ್ಲೋ ದೂರದಲ್ಲಿರ್ತಾರೆ."

ಸ್ವಿಚ್ಚಿ ಒಂದು ಗಳಿಗೆ ಯೋಚಿಸಿದಳು. "ಹಾಗಾದ್ರೆ ಕಿವೀನೇ ಅಜ್ಜಿ ಹತ್ರ ಕಳಿಸ್ಬೇಕು."

"ಶಭಾಷ್!" ಎಂದು ಮಾಮ ಎಷ್ಟು ಜೋರಾಗಿ ಕೂಗಿದನೆಂದರೆ ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಅವನು ಡ್ರಾಯರಿನಿಂದ ಒಂದು ಕಾಲರ್ ಮೈಕು ತೆಗೆದ. ಕಡಲೆಕಾಳಿನಷ್ಟು ಮೈಕು, ಅದಕ್ಕೊಂದು ಪುಟ್ಟ ಕ್ಲಿಪ್ಪು, ವೈರಿನ ತುದಿಯಲ್ಲಿ ಬೆಂಕಿಪೊಟ್ಟಣದಂಥ ಡಬ್ಬಿ. ಅಂಥದೇ ಇನ್ನೊಂದು ಡಬ್ಬಿ ಕ್ಯಾಮೆರಾದ ತಲೆಯ ಮೇಲೆ ಕೂರುತ್ತಿತ್ತು.

"ಇದು ಗಲ್ಲದಿಂದ ಒಂದು ಗೇಣು ಕೆಳಗಿರ್ಲಿ. ಡಬ್ಬಿ ಅಜ್ಜಿ ಸೊಂಟದಲ್ಲಿರ್ಲಿ. ಮನೆಯೊಳಗೆ ಅವರು ಎಲ್ಲಿ ಓಡಾಡಿದ್ರೂ ಹಿಡಿಯುತ್ತೆ. ಫೋಟೋ ಕ್ಯಾಮೆರಾ ಅಲ್ವಾ, ಅರ್ಧ ಗಂಟೆ ಆದ್ರೆ ಸುಸ್ತಾಗಿ ತಾನೇ ನಿಂತುಬಿಡುತ್ತೆ, ನೆನಪಿರ್ಲಿ. ಈಗ ಈ ಹಸಿರು ಗೆರೆ ನೋಡು. ಮಾತಾಡು."

"ಏನು ಮಾತಾಡ್ಲಿ?" ಎಂದಳು ಸ್ವಿಚ್ಚಿ. ಪರದೆಯ ಮೇಲಿನ ಗೆರೆ ಪುಟಕ್ಕನೆ ಎದ್ದು ಕೂತಿತು.

"ಇದು ಲೆವೆಲ್. ಇದನ್ನೂ ಆಟೋದಲ್ಲಿ ಇಡ್ಬೇಡ. ಅಜ್ಜಿ ಸುಮ್ಮನಾದ್ರೆ ಸಾಕು, ಯಾರಾದ್ರೂ ಮಾತಾಡ್ತಾರಾ ಅಂತ ಅದು ಕಿವಿ ಅಗಲ ಮಾಡ್ಕೊಂಡು ಫ್ಯಾನಿನ ಸದ್ದೆಲ್ಲ ಎಳ್ಕೊಳ್ಳುತ್ತೆ. ಕೈಯಲ್ಲೇ ಇಡು. ಮಾತಾಡಿದ್ರೆ ಅರ್ಧಕ್ಕೆ ಬರ್ಲಿ. ಮೇಲೆ ಜಾಗ ಬಿಟ್ಟಿರ್ಬೇಕು."

"ಜಾಗ ಯಾಕೆ?"

"ಜನ ಇದ್ದಕ್ಕಿದ್ದ ಹಾಗೆ ನಗ್ತಾರೆ, ಕೂಗ್ತಾರೆ. ಗೆರೆ ಮೇಲೆ ಹೋಗಿ ಕೆಂಪಿಗೆ ತಾಗಿದ್ರೆ ದನಿ ಒಡೆದು ಹೋಗುತ್ತೆ. ಆಮೇಲೆ ಯಾರು ತಿಪ್ಪರಲಾಗ ಹಾಕಿದ್ರೂ ಸರಿಹೋಗಲ್ಲ." ಮಾಮ ಮೈಕನ್ನು ಅವಳ ಕೈಗಿಟ್ಟ. "ಸೋಮವಾರ ವಾಪಸ್ ತಂದುಕೊಡು. ಹೋಗು, ಅಜ್ಜೀನ ಮಾತಾಡ್ಸು."

ಭಾನುವಾರ ಬಂತು. ಸಂಜೆ ಅಜ್ಜಿ ಆಸ್ಪತ್ರೆಗೆ ಸೇರಬೇಕಿತ್ತು. ಅಪ್ಪ ಹಳೆಯ ಕ್ಯಾಮೆರಾ ಹಿಡಿದು ಹೊರಗೆಲ್ಲೋ ಫೋಟೋ ತೆಗೆಯಲು ಹೋಗಿದ್ದ. ಅಮ್ಮ ಆಸ್ಪತ್ರೆಗೆ ಬೇಕಾದ ಸಾಮಾನು ತರಲು ಹೋಗಿದ್ದಳು. ಮನೆಯಲ್ಲಿ ಅಜ್ಜಿ, ಸ್ವಿಚ್ಚಿ, ಕ್ಯಾಮೆರಾ.

ಸ್ವಿಚ್ಚಿ ಸ್ಟೂಲನ್ನು ಕಿಟಕಿಯ ಎದುರಿಗೆ ಎಳೆದು ಅಜ್ಜಿಯನ್ನು ಕೂರಿಸಿದಳು. ಶಟರ್ ಐವತ್ತಕ್ಕೆ ತಂದಳು. ಅಜ್ಜಿಯ ಕಣ್ಣಿಗೆ ಫೋಕಸ್ ಮಾಡಿ ಕೈ ಹಿಂದಕ್ಕೆ ಕಟ್ಟಿಕೊಂಡಳು. ಫ್ಯಾನು ಆರಿಸಿದಳು. ಅಡುಗೆಮನೆಗೆ ಓಡಿಹೋಗಿ ಫ್ರಿಜ್ಜಿನ ಸ್ವಿಚ್ಚನ್ನೂ ಆರಿಸಿ ಬಂದಳು. ಅಜ್ಜಿಯ ಶಾಲಿಗೆ ಮೈಕು ಸಿಕ್ಕಿಸಿ, ಗಲ್ಲದಿಂದ ಒಂದು ಗೇಣು ಅಳೆದಳು.

"ಇದೇನೇ ಇದು, ಕಟ್ಟಿರುವೆ ಹಾಗೆ ಕಚ್ಕೊಂಡಿದೆ?" ಎಂದಳು ಅಜ್ಜಿ. ಹಸಿರು ಗೆರೆ ಅರ್ಧಕ್ಕೆ ಬಂದು ನಿಂತಿತು. ಮೇಲೆ ಬೇಕಾದಷ್ಟು ಜಾಗವಿತ್ತು. ಎಲ್ಲವೂ ಸರಿಯಾಗಿತ್ತು.

ಅವಳು ಕೆಂಪು ಬಟನ್ ಒತ್ತಿದಳು.

ಅಜ್ಜಿಯ ಬೆನ್ನು ನೆಟ್ಟಗಾಯಿತು. ಗಲ್ಲ ಮೇಲೆದ್ದಿತು.

"ಅಜ್ಜೀ, ಮಾತಾಡ್ತೀನಿ ಅಂತ ಪ್ರಾಮಿಸ್ ಮಾಡಿದ್ದೀಯ!"

ಅಜ್ಜಿ ಉಗುಳು ನುಂಗಿದಳು. ಆಮೇಲೆ ತುಟಿ ಆಡಿದರೂ ಆಡದ ಹಾಗೆ, ಯಾರದೋ ದನಿಯಲ್ಲಿ ಹೇಳಿದಳು: "ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಕ್ಷೇಮ. ನೀವೂ ಕ್ಷೇಮವೆಂದು ಭಾವಿಸುತ್ತೇನೆ."

"ಹಾಗಲ್ಲ ಅಜ್ಜೀ! ನೀನು ಮಾತಾಡೋ ಹಾಗೆ ಮಾತಾಡು. ನನ್ನ ಹೆಸರು ಕರಿ."

"ಎದುರಿಗೇ ನಿಂತಿದ್ದೀಯಲ್ಲೇ. ಎದುರಿಗೆ ಇದ್ದವಳನ್ನ ಯಾಕೆ ಕರೀಲಿ?"

"ಸುಮ್ನೆ ಕರಿ!"

"ಸ್ವಿಚ್ಚಿ," ಎಂದಳು ಅಜ್ಜಿ, ಔಷಧಿ ಬಾಟಲಿಯ ಮೇಲಿನ ಹೆಸರು ಓದಿದ ಹಾಗೆ.

ಸ್ವಿಚ್ಚಿಯ ಕಣ್ಣು ತುಂಬಿ ಬಂತು. ಇಷ್ಟೆಲ್ಲ ಮಾಡಿಯೂ ಸಿಕ್ಕಿದ್ದು ಇದಾ? ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಟಪ್ಪೆಂದು ಲೆನ್ಸಿಗೆ ಮುಚ್ಚಳ ಹಾಕಿದಳು. ಪುಟ್ಟ ಪರದೆಯನ್ನು ಮಡಚಿದಳು. "ಸ್ವಲ್ಪ ಹೊತ್ತು ಹೊರಗಿರ್ತೀನಿ. ಸೋತೆ ಅಂತ ಅಲ್ಲ. ಯೋಚನೆ ಮಾಡೋಕೆ," ಎಂದು ಚಪ್ಪಲಿ ಮೆಟ್ಟಿ ಹೊರಟುಬಿಟ್ಟಳು.

ಟೈರ್ ಅಂಗಡಿಗೆ ಭಾನುವಾರ ರಜೆ. ಅದರ ಮೆಟ್ಟಿಲ ಮೇಲೆ ಕೂತು, ಮೊಣಕಾಲಿಗೆ ಗಲ್ಲ ಊರಿ, ಸ್ವಿಚ್ಚಿ ಯೋಚಿಸಿದಳು. ಕ್ಯಾಮೆರಾ ಸರಿಯಿತ್ತು. ಮೈಕು ಸರಿಯಿತ್ತು. ಅಜ್ಜಿ ಯಾಕೆ ಕರೆಯಲಿಲ್ಲ? ಎದುರಿಗೇ ಇದ್ದೀಯಲ್ಲ ಎಂದಳು. ಹೌದಲ್ಲ! ಎದುರಿಗಿದ್ದರೆ ಯಾರಾದರೂ ಯಾಕೆ ಕೂಗಿ ಕರೆಯುತ್ತಾರೆ? ಕರೆಯಬೇಕಾದರೆ ತಾನು ದೂರ ಇರಬೇಕು. ರೆಕಾರ್ಡಿಂಗ್ ಶುರುಮಾಡಿ ಇಲ್ಲಿಗೆ ಬಂದು ಕೂತರೆ ಆಯಿತು!

ಅವಳು ಎದ್ದು ನಿಂತಳು. ಅಷ್ಟರಲ್ಲೇ ಬೀದಿಯ ಆ ತುದಿಯಿಂದ ಬಂತು.

"ಸ್ವಿಚ್ಚೀ...! ಹಾಲು ಆರ್ತಾ ಇದೆ, ಬಾರೇ...!"

ತಗ್ಗಿನಲ್ಲಿ ಶುರುವಾಗಿ, ಬಾಲವೆತ್ತಿ, ಮೈದಾನದ ಕಡೆಗೆ ಹೋಯಿತು ಆ ಕೂಗು. ಸ್ವಿಚ್ಚಿ ತಲೆ ಚಚ್ಚಿಕೊಂಡಳು. "ಅಯ್ಯೋ, ಈಗಲೇ ಕರೆದುಬಿಟ್ಟಳಲ್ಲ! ನಾನು ಮುಚ್ಚಳ ಹಾಕಿ ಬಂದಿದ್ದೀನಲ್ಲ!"

ಓಡಿದಳು. ಮನೆ ತಲುಪುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಬಂದಿದ್ದರು. ಅಜ್ಜಿ ಎದೆ ಹಿಡಿದುಕೊಂಡು ಕೆಮ್ಮುತ್ತಿದ್ದಳು. "ಕೂಗ್ಬೇಡಿ ಅಂತ ಡಾಕ್ಟ್ರು ಹೇಳಿದ್ದಾರಲ್ಲ ಅತ್ತೆ," ಎಂದು ಅಮ್ಮ ಬೆನ್ನು ನೀವುತ್ತಿದ್ದಳು. "ಇದೇನಿದು ಸೊಂಟದಲ್ಲಿ ಡಬ್ಬಿ?" ಎಂದು ಮೈಕನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

"ಇನ್ನೊಂದೇ ಒಂದು ಸಲ ಕರಿ ಅಜ್ಜೀ," ಎನ್ನಲು ಬಾಯಿ ತೆರೆದ ಸ್ವಿಚ್ಚಿ ಅಜ್ಜಿಯ ನೀರು ತುಂಬಿದ ಕಣ್ಣು ನೋಡಿದಳು. ಕೇಳಲು ಅವಳಿಂದ ಆಗಲಿಲ್ಲ. ಹಾಲು ಕುಡಿದಳು. ಅದು ಆರಿ ತಣ್ಣಗಾಗಿತ್ತು.

ಸೋಮವಾರ ಶಾಲೆಯಲ್ಲಿ ಟೀಚರ್ ಏನು ಕೇಳಿದರೋ, ತಾನೇನು ಹೇಳಿದಳೋ ಸ್ವಿಚ್ಚಿಗೆ ಗೊತ್ತಿಲ್ಲ. ಸಂಜೆ ಅಪ್ಪನ ಜೊತೆ ಆಸ್ಪತ್ರೆಗೆ ಹೋದಾಗ ಆಪರೇಷನ್ ಚೆನ್ನಾಗಿ ಆಗಿದೆ ಎಂದರು. ಕುತ್ತಿಗೆಗೆ ಬಿಳಿ ಬ್ಯಾಂಡೇಜು ಸುತ್ತಿಸಿಕೊಂಡು ಅಜ್ಜಿ ನಿದ್ದೆ ಮಾಡುತ್ತಿದ್ದಳು. ಅಮ್ಮ ಅಲ್ಲೇ ಉಳಿದಳು.

ಮನೆಗೆ ಬಂದ ಅಪ್ಪನಿಗೆ ಸುಮ್ಮನೆ ಕೂರಲಾಗಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಸ್ಟುಡಿಯೋದ ಕಂಪ್ಯೂಟರಿಗೆ ಕ್ಯಾಮೆರಾದ ಕಾರ್ಡ್ ಹಾಕಿ, ಬೇಡದ್ದನ್ನೆಲ್ಲ ಅಳಿಸುತ್ತಾ ಕೂತ. ಮಬ್ಬಾದದ್ದು, ಕಣ್ಣು ಮುಚ್ಚಿದ್ದು, ಕಪ್ಪಾದದ್ದು, ಎಲ್ಲ ಡಿಲೀಟ್. ಮೈಕು ವಾಪಸ್ ಕೊಡಲು ಹೊರಟಿದ್ದ ಸ್ವಿಚ್ಚಿ ಅವನ ಹಿಂದೆ ನಿಂತಳು.

"ನಿನ್ನ ವಿಡಿಯೋ ಇಲ್ಲಿದೆ ನೋಡು," ಎಂದ ಅಪ್ಪ. ಪರದೆಯ ಮೇಲೆ ಅಜ್ಜಿಯ ಪಾಸ್‌ಪೋರ್ಟ್ ಮುಖ ಕಂಡಿತು. ತುಟಿ ಚೂರು ಅಲ್ಲಾಡಿತು. ಸದ್ದಿಲ್ಲ, ಯಾಕೆಂದರೆ ಆ ಕಂಪ್ಯೂಟರಿಗೆ ಸ್ಪೀಕರೇ ಇರಲಿಲ್ಲ. ಫೋಟೋಗಳಿಗೆ ಸ್ಪೀಕರ್ ಯಾಕೆ? ಸ್ವಲ್ಪ ಹೊತ್ತಿಗೆ ಪರದೆ ಪೂರ್ತಿ ಕಪ್ಪಾಯಿತು.

"ಮುಚ್ಚಳ ಹಾಕಿದ್ದೀಯ, ರೆಕಾರ್ಡಿಂಗ್ ನಿಲ್ಸೋದು ಮರ್ತಿದ್ದೀಯ. ನೋಡು, ಅರ್ಧ ಗಂಟೆ ಬರೀ ಕತ್ತಲೆ. ಸುಮ್ನೆ ಜಾಗ ತಿನ್ನುತ್ತೆ. ಮೊದಲಿನ ಚೂರು ಇಟ್ಕೊಂಡು ಉಳಿದದ್ದನ್ನ ಕತ್ತರಿಸಿಬಿಡ್ತೀನಿ."

ವಿಡಿಯೋ ಕತ್ತರಿಸುವ ಪ್ರೋಗ್ರಾಮ್ ತೆರೆಯಿತು. ಮೇಲೆ ಕಪ್ಪು ಚಿತ್ರ, ಕೆಳಗೆ ಒಂದು ಉದ್ದನೆಯ ಹಸಿರು ಗೆರೆ. ಅಪ್ಪ ಕಪ್ಪು ಶುರುವಾಗುವ ಜಾಗಕ್ಕೆ ಕತ್ತರಿ ತಂದಿಟ್ಟ.

ಸ್ವಿಚ್ಚಿ ಕೆಳಗಿನ ಗೆರೆ ನೋಡಿದಳು. ಅದು ಸಪಾಟಾಗಿರಲಿಲ್ಲ. ಕತ್ತಲೆಯುದ್ದಕ್ಕೂ ಹಲ್ಲುಹಲ್ಲಾಗಿ ಏರುತ್ತಿತ್ತು, ಇಳಿಯುತ್ತಿತ್ತು. ಕೊನೆಯ ಹತ್ತಿರ ಒಂದು ಕಡೆ ಸಣ್ಣಗೆ ಶುರುವಾಗಿ, ಎತ್ತರಕ್ಕೆ ಏರಿ, ಮೇಲಿನ ಅಂಚಿಗೆ ಇನ್ನೇನು ತಾಗಬೇಕು ಎನ್ನುವಲ್ಲಿ ನಿಂತಿತ್ತು. ತಾಗಿರಲಿಲ್ಲ.

"ಅಪ್ಪಾ, ಕೈ ತೆಗಿ!" ಎಂದು ಅವಳು ಚೀರಿದಳು. ಅಪ್ಪ ಬೆಚ್ಚಿಬಿದ್ದು ಮೌಸ್ ಬಿಟ್ಟ. "ಮುಟ್ಬೇಡ! ಏನೂ ಮುಟ್ಬೇಡ! ಈಗ ಬಂದೆ!"

ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿದಳು. "ಮಾಮಾ, ಹೆಡ್‌ಫೋನ್!" ಮಾಮ ಯಾಕೆ ಏನು ಎಂದು ಕೇಳಲಿಲ್ಲ. ಅವಳ ಮುಖ ನೋಡಿ, ಕಿವಿಯಿಂದ ಬಿಚ್ಚಿ ಕೊಟ್ಟ.

ಹೆಡ್‌ಫೋನ್ ಒಂದೇ. ಅಪ್ಪನ ಎಡಗಿವಿಗೆ ಒಂದು ಬಟ್ಟಲು, ಸ್ವಿಚ್ಚಿಯ ಬಲಗಿವಿಗೆ ಒಂದು. ತಲೆಗೆ ತಲೆ ತಾಗಿಸಿಕೊಂಡು, ಕಪ್ಪು ಪರದೆಯ ಮುಂದೆ ಕೂತರು.

ಚಕ್ ಚಕ್ ಚಕ್. ಆಲೂಗಡ್ಡೆ ಹೆಚ್ಚುವ ಸದ್ದು. ಎಷ್ಟು ಹತ್ತಿರವೆಂದರೆ ಅಜ್ಜಿಯ ಉಸಿರೂ ಕೇಳುತ್ತಿತ್ತು. ಲೆನ್ಸಿನ ಝರ್ ಇಲ್ಲ, ಫ್ರಿಜ್ಜಿನ ಗುಂಯ್ ಇಲ್ಲ.

"ಕ್ಯಾಮೆರಾ ಎದುರಿಗೆ ನಾನೇನು ಹಾಡ್ಲಾ, ಕುಣೀಲಾ?" ಎಂದಿತು ಅಜ್ಜಿಯ ದನಿ. "ಅಯ್ಯೋ, ಈ ಫ್ರಿಜ್ ಯಾಕೆ ಆಫ್ ಆಗಿದೆ? 'ಸ್ವಿಚ್ಚಿ' ಅಂತ ಹೆಸರಿಟ್ಟಿದ್ದು ನಂದೇ ತಪ್ಪು." ಆಮೇಲೆ ಆ ನಗು. ಮೊದಲು ಬರೀ ಉಸಿರು, ಒಂದು ತಡೆ, ಆಮೇಲೆ ಕುಲುಕುಲು. ಅಪ್ಪನ ಭುಜ ಅಲ್ಲಾಡಿತು.

"ಉಕ್ಬೇಡ, ತಾಳು ತಾಳು ತಾಳು..." ಅದು ಹಾಲಿಗೆ. ಒಲೆ ಆರಿಸಿದ ಟಕ್ ಸದ್ದು. ಮತ್ತೆ, ತನಗೆ ತಾನೇ ಎಂಬಂತೆ: "ನನ್ನ ದನಿ ಹೋದ್ರೆ ಹೋಗ್ಲಿ. ಮಗು ಮುಖ ಸಣ್ಣದು ಮಾಡ್ಕೊಂಡು ಹೋಯ್ತಲ್ಲ, ಪಾಪ."

ಹಿತ್ತಿಲ ಬಾಗಿಲಿನ ಚಿಲಕ ತೆಗೆದ ಸದ್ದು. ಸ್ವಿಚ್ಚಿ ಅಪ್ಪನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಸ್ವಿಚ್ಚೀ...!"

ಒಡೆಯಲಿಲ್ಲ. ಕೊಂಚವೂ ಒಡೆಯಲಿಲ್ಲ. ತಗ್ಗಿನಿಂದ ಎದ್ದು, ಬಾಲವೆತ್ತಿ, ಬೀದಿಯುದ್ದಕ್ಕೂ ಹೋಯಿತು.

ಸ್ವಿಚ್ಚಿ ಅಪ್ಪನ ಕಡೆ ನೋಡಿದಳು. ಪರದೆ ಉರಿಯುತ್ತಿದ್ದರೆ ಒಂದು ಚುಕ್ಕೆಯನ್ನೂ ಬಿಡದೆ ನೋಡುವ ಅಪ್ಪ ಕಣ್ಣು ಮುಚ್ಚಿ ಕೂತಿದ್ದ. ಕೆನ್ನೆ ಒದ್ದೆಯಾಗಿತ್ತು.

"ಕತ್ತರಿಸ್ತೀಯಾ?" ಎಂದಳು ಮೆಲ್ಲಗೆ.

ಅಪ್ಪ ತಲೆ ಅಲ್ಲಾಡಿಸಿದ. "ಇನ್ನೊಂದು ಸಲ ಹಾಕು," ಎಂದ.

ಅಜ್ಜಿ ಮನೆಗೆ ಬಂದಳು. ಗಾಯ ಮಾಗುವವರೆಗೆ ಮಾತಾಡಬಾರದು ಎಂದಿದ್ದರು. ಊಟಕ್ಕೆ ಕರೆಯಬೇಕಾದರೆ ತಟ್ಟೆಗೆ ಚಮಚ ಬಡಿಯುತ್ತಿದ್ದಳು. ಸ್ಟುಡಿಯೋದಲ್ಲಿ ಗಿರಾಕಿಗಳ ಗಲ್ಲವನ್ನು ಬೆರಳಿನಿಂದಲೇ ಎತ್ತುತ್ತಿದ್ದಳು. ಆಮೇಲೆ ಒಂದು ದಿನ ಡಾಕ್ಟರು "ಇನ್ನು ಮಾತಾಡಬಹುದು" ಎಂದರು. ಆದರೂ ಅಜ್ಜಿ ಬಾಯಿ ಬಿಡಲಿಲ್ಲ. ಯಾರಾದರೂ ಏನಾದರೂ ಕೇಳಿದರೆ ಕೈಸನ್ನೆ. ಮೊದಲ ದಿನ ನೀರು ಕೇಳಲು ಹೋಗಿ, ಹೊರಬಂದ ದನಿ ಕೇಳಿ ತಾನೇ ಬೆಚ್ಚಿದ್ದಳು. ಬಾಗಿಲಲ್ಲಿದ್ದ ಸ್ವಿಚ್ಚಿಯೂ ಬೆಚ್ಚಿದ್ದಳು. ಅಜ್ಜಿ ಅದನ್ನು ನೋಡಿಬಿಟ್ಟಿದ್ದಳು.

ಸ್ವಿಚ್ಚಿಗೆ ಎರಡು ದಿನ ಊಟ ರುಚಿಸಲಿಲ್ಲ. ಮಾಮ ಅವಳಿಗೇ ಬಿಟ್ಟುಕೊಟ್ಟಿದ್ದ ಹೆಡ್‌ಫೋನಿನಲ್ಲಿ ಹಳೆಯ ಕೂಗು ಕೇಳಿದಳು. ಅದು ಎಷ್ಟು ಸಲ ಕೇಳಿದರೂ ಹಾಲು ಆರುತ್ತಿದೆ ಎಂದೇ ಹೇಳುತ್ತಿತ್ತು. ಮೂರನೆಯ ದಿನ ಅವಳು ಮಾಮನ ಅಂಗಡಿಗೆ ಹೋಗಿ ಮತ್ತೆ ಮೈಕು ತಂದಳು.

ಕಿಟಕಿಯ ಎದುರಿಗೆ ಸ್ಟೂಲು. ಶಟರ್ ಐವತ್ತು. ಫ್ಯಾನು ಆಫ್, ಫ್ರಿಜ್ಜು ಆಫ್. ಅಜ್ಜಿ ಬೇಡವೆಂದು ಕೈ ಆಡಿಸಿದರೂ ಬಿಡದೆ ಎಳೆದು ತಂದು ಕೂರಿಸಿದಳು. ಶಾಲಿಗೆ ಮೈಕು ಸಿಕ್ಕಿಸಿ, ಒಂದು ಗೇಣು ಅಳೆದು, ಹೆಡ್‌ಫೋನ್ ಹಾಕಿಕೊಂಡು ಕ್ಯಾಮೆರಾದ ಹಿಂದೆ ನಿಂತಳು. ಸ್ಟುಡಿಯೋದ ಬಾಗಿಲಲ್ಲಿ ಅಪ್ಪ ಬಂದು ನಿಂತದ್ದನ್ನು ಅವಳು ನೋಡಲಿಲ್ಲ.

ಅಜ್ಜಿಯ ಬೆನ್ನು ನೆಟ್ಟಗಾಯಿತು. ಗಲ್ಲ ಮೇಲೆದ್ದಿತು. ಸ್ವಿಚ್ಚಿ ಕಾದಳು. ಈ ಸಲ ಬಾಯಿ ಬಿಡು ಎನ್ನಲಿಲ್ಲ.

ತುಂಬಾ ಹೊತ್ತಿನ ಮೇಲೆ ಅಜ್ಜಿ ಬೆರಳೆತ್ತಿ ಲೆನ್ಸನ್ನು ತೋರಿಸಿದಳು. "ಮುಚ್ಚಳ ಹಾಕು," ಎಂದಳು. "ಮಾತಾಡ್ತೀನಿ."

ಒರಟು ದನಿ. ಅರ್ಧ ಉಸಿರು, ಅರ್ಧ ಮಾತು. ಹಸಿರು ಗೆರೆ ಲೆವೆಲ್ ಪಟ್ಟಿಯ ಕೆಳಗಿನ ಮನೆಯನ್ನೂ ದಾಟಲಿಲ್ಲ.

ಸ್ವಿಚ್ಚಿ ಮುಚ್ಚಳ ಹಾಕಿದಳು. ಕೆಂಪು ಬಟನ್ ಒತ್ತಿದಳು. ಜೋರಾಗಿ ಹೇಳು ಎಂದು ಹೇಳಲಿಲ್ಲ. ಅಜ್ಜಿಯ ಬಳಿಗೆ ಹೋಗಿ ಮೈಕನ್ನು ಗೇಣಿನಿಂದ ನಾಲ್ಕು ಬೆರಳಿನಷ್ಟು ಹತ್ತಿರಕ್ಕೆ ತಂದಳು. ವಾಪಸ್ ಬಂದು ಲೆವೆಲ್ಲನ್ನು ಒಂದೊಂದೇ ಮನೆ ಏರಿಸಿದಳು.

"ಸ್ವಿಚ್ಚೀ..." ಎಂದಳು ಅಜ್ಜಿ.

ತಗ್ಗಿನಲ್ಲೇ ಶುರುವಾಯಿತು. ಎತ್ತರಕ್ಕೆ ಹೋಗಲಿಲ್ಲ. ಆದರೆ ಬಾಲ ಮೇಲೆದ್ದಿತು, ಚೂರೇ ಚೂರು. ಹೆಡ್‌ಫೋನಿನಲ್ಲಿ ಅದು ಸ್ಪಷ್ಟವಾಗಿ ಕೇಳಿತು.

"ಎದುರಿಗೇ ಇದ್ದೀನಲ್ಲ ಅಜ್ಜೀ," ಎಂದಳು ಸ್ವಿಚ್ಚಿ. "ಎದುರಿಗೆ ಇದ್ದವಳನ್ನ ಯಾಕೆ ಕರೀತೀಯ?"

ಅಜ್ಜಿ ನಕ್ಕಳು. ಮೊದಲು ಬರೀ ಉಸಿರು, ಒಂದು ತಡೆ. "ಈಗ ಇದು ಅಷ್ಟೇ ದೂರ ಹೋಗೋದು ಕಣೇ," ಎಂದಳು.

ಸ್ವಿಚ್ಚಿ ಹೆಡ್‌ಫೋನ್ ತೆಗೆದು ಕ್ಯಾಮೆರಾದ ಪಕ್ಕ ಇಟ್ಟಳು. ಮೂಲೆಯಲ್ಲಿದ್ದ ಇನ್ನೊಂದು ಸ್ಟೂಲನ್ನು ಎಳೆದು ತಂದು, ಅಜ್ಜಿಯ ಮೊಣಕಾಲಿಗೆ ತನ್ನ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ಹೇಳು ಅಜ್ಜೀ," ಎಂದಳು. "ಕೇಳಿಸ್ತಾ ಇದೆ."